ನಿಮ್ಮ ಕೋಡ್‌ಗೆ ನಿಮಗಿಂತ ಹೆಚ್ಚು ಆಯಸ್ಸು!

ಕಾಲೇಜಲ್ಲಿ ಪ್ರಾಜೆಕ್ಟ್‌ಗೆ ಅಂತ ನಾನೊಂದು ಪುಟ್ಟ ಪ್ರೋಗ್ರಾಮ್ ಬರೆದು ಗಿಟ್‌ಹಬ್‌ಗೆ ಹಾಕಿದ್ದೆ. ಈಗ ನೋಡಿದ್ರೆ ಆ ಕೋಡ್ ನನಗೇ ಅರ್ಥವಾಗಲ್ಲ. ಅದರ ಕಾಪಿರೈಟ್ ಮಾತ್ರ ನಾನು ಸತ್ತ ಮೇಲೂ 60 ವರ್ಷ ಇರುತ್ತೆ!

ತಮಾಷೆ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಅಂದ್ರೆ ಕಾದಂಬರಿಗೆ ಯಾವ ಲೆಕ್ಕವೋ ಕೋಡ್‌ಗೂ ಅದೇ: ಬರೆದವರ ಜೀವಮಾನ, ಆಮೇಲೆ ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ. ಇವತ್ತು ಕೋಡ್ ಬರೆದವರು 2075ರಲ್ಲಿ ತೀರಿಕೊಂಡರೆ, ಹಕ್ಕು 2135ರ ಕೊನೆವರೆಗೆ. ನೋಂದಣಿಯೂ ಬೇಕಿಲ್ಲ. ಕಂಪನಿಯ ನೌಕರರಾಗಿ ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕತ್ವ ಕಂಪನಿಯದು. ಅಮೆರಿಕದಲ್ಲಿ ಅಂಥ ಕೋಡ್‌ಗೆ ಪ್ರಕಟವಾದಾಗಿನಿಂದ 95 ವರ್ಷ ಅಥವಾ ಬರೆದಾಗಿನಿಂದ 120 ವರ್ಷ, ಯಾವುದು ಮೊದಲು ಮುಗಿಯುತ್ತೋ ಅದು.

ಮೂರ್ನಾಲ್ಕು ವರ್ಷಕ್ಕೆ ಮೊಬೈಲೇ ಹಳತಾಗುವಾಗ ಇದು ತೀರಾ ಅತಿಯಾಯ್ತು ಅನ್ನೋದು ನನ್ನ ಅಭಿಪ್ರಾಯ. ಗಡುವು ಮುಗಿಯಲಿ ಅಂತ ಕಾದರೆ ಕೋಡ್ ಓಡಿಸೋಕೆ ಯಂತ್ರವೇ ಇರಲ್ಲ. 1980ರ ದಶಕದ ಎಂಎಸ್-ಡಾಸ್‌ನ ಎರಡು ಹಳೇ ಆವೃತ್ತಿಗಳ ಸೋರ್ಸ್ ಕೋಡ್ ಇವತ್ತು ಎಲ್ಲರ ಬಳಕೆಗೆ ಸಿಗುತ್ತಿದ್ದರೆ, ಅದಕ್ಕೆ ಕಾರಣ ಅವಧಿ ಮುಗಿದದ್ದಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಎಂಐಟಿ ಲೈಸೆನ್ಸ್ ಅಡಿ ಗಿಟ್‌ಹಬ್‌ಗೆ ಹಾಕಿತು, ಅಷ್ಟೇ.

ಹಾಗಾಗಿ ಯಾರದೋ ಕೋಡ್ ಕಣ್ಣಿಗೆ ಬಿತ್ತು ಅಂತ ಎತ್ತಿಕೊಳ್ಳಬೇಡಿ, ಲೈಸೆನ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ಹಕ್ಕು ಬರೆದವರದ್ದೇ. ಐಡಿಯಾಗೆ ಮಾತ್ರ ಕಾಪಿರೈಟ್ ಇಲ್ಲ. ಅದೇ ಕೆಲಸ ಮಾಡುವ ಕೋಡನ್ನು ನೀವೇ ಹೊಸದಾಗಿ ಬರೆಯಬಹುದು.

ನನ್ನ ಆ ಹಳೇ ಪ್ರಾಜೆಕ್ಟ್‌ಗೆ ನಿನ್ನೆ ಲೈಸೆನ್ಸ್ ಫೈಲ್ ಸೇರಿಸಿದೆ. ಬೇಕಾದವರು ತಗೊಳ್ಳಿ, ಬಗ್‌ಗಳೂ ಉಚಿತ.