ಗರಗಸದಿಂದ ಹುತ್ರಿದುರ್ಗದವರೆಗೆ

ಹುತ್ರಿದುರ್ಗದ ಮಗುವಿಗೆ ತನ್ನೂರಿನ ಹೆಸರು ಹೇಳುವುದು ಸುಲಭ, ಓದುವುದು ಕಷ್ಟ. ‘ತಿ’ ಕಂಡೊಡನೆ ಹಾಗೇ ಅಂದುಬಿಡುವಂತಿಲ್ಲ, ಕೆಳಗೆ ರ ಒತ್ತು ಕಾದಿರುತ್ತದೆ. ‘ದು’ ದಾಟಿದರೆ ‘ಗ’ ಕಾಣುತ್ತದೆ. ಅದರ ಪಕ್ಕದಲ್ಲಿ ನಿಂತ ಅರ್ಕಾವತ್ತನ್ನು ಬರೆಯುವುದು ಗ ಆದ ಮೇಲೆ, ನುಡಿಯುವುದು ಗಕ್ಕಿಂತ ಮೊದಲು. ಅಪ್ಪನ ಕೈ ಹಿಡಿದು ಏಳು ಸುತ್ತಿನ ಕೋಟೆ ದಾಟಿ ಶಂಕರೇಶ್ವರನ ಗುಡಿಯವರೆಗೆ ಬೆಟ್ಟ ಹತ್ತುವ ಆರು ವರ್ಷದ ಮಗು, ಬಸ್ಸಿನ ಬೋರ್ಡಿನ ಈ ನಾಲ್ಕು ಅಕ್ಷರಗಳ ಮುಂದೆ ತಡವರಿಸುತ್ತದೆ.

ಈ ಬೋರ್ಡನ್ನು ಓದುವ ಮಟ್ಟಕ್ಕೆ ಮಗುವನ್ನು ತಲುಪಿಸುವ ಕೆಲಸದಲ್ಲಿ ಶಾಲೆಯ ಜೊತೆಗೆ ಹೆಗಲು ಕೊಡುವ ಇನ್ನೊಂದು ಜಾಗ ನಮ್ಮ ಹಳ್ಳಿಗಳಲ್ಲಿದೆ: ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಹಿರಿಯರು ಪೇಪರ್ ಓದುವ, ಯುವಕರು ಪರೀಕ್ಷೆಗೆ ಓದಿಕೊಳ್ಳುವ ಕೋಣೆಯೊಳಕ್ಕೆ ಪುಟ್ಟ ಚಪ್ಪಲಿಗಳೂ ಬಂದವು. ಈಗ ಈ ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಈಗಷ್ಟೇ ಅಕ್ಷರ ಕೂಡಿಸುತ್ತಿರುವ ಓದುಗನ ವಿಷಯದಲ್ಲಿ ಈ ಸೂತ್ರ ಪಾಲಿಸುವುದು ಎಲ್ಲಕ್ಕಿಂತ ಕಷ್ಟ. ದೊಡ್ಡವರು ಸರಿಹೋಗದ ಪುಸ್ತಕವನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ. ಮಗು ಹಾಗೆ ಮಾಡುವುದಿಲ್ಲ. ‘ನಂಗೆ ಓದಕ್ಕೆ ಬರಲ್ಲ’ ಅಂದುಕೊಂಡು ಎದ್ದು ಹೋಗುತ್ತದೆ.

ಇಂಥ ಓದುಗನಿಗೆ ಪುಸ್ತಕ ಆರಿಸುವಾಗ ಅಕ್ಷರಗಳ ಲೆಕ್ಕಾಚಾರ ದೊಡ್ಡದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ, ಅ ಆ ಇ ಈ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದೇ ಅಕ್ಷರ ಬಂದರೆ ಸಾಕು. ಸರ, ಅಗಸ, ಅರಸ, ಗರಗಸ ಎಲ್ಲವನ್ನೂ ಮಗು ಓದಬಲ್ಲದು. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಹಾಗಾಗಿ ಮೊದಲ ಓದಿನ ಪುಸ್ತಕ ಕೈಗೆತ್ತಿಕೊಂಡ ಗ್ರಂಥಾಲಯದ ಮೇಲ್ವಿಚಾರಕಿ ಕಥೆಗಿಂತ ಮೊದಲು ಒತ್ತುಗಳನ್ನು ನೋಡುತ್ತಾರೆ. ಪುಟಕ್ಕೆ ಒಂದೆರಡು ಸಾಲು ಇದೆಯೇ? ಬಂದ ಪದವೇ ಮತ್ತೆ ಬರುತ್ತದೆಯೇ? ಮನೆಯಲ್ಲಿ ‘ಓಯ್ತೀನಿ’ ಅನ್ನುವ ಮಗುವಿಗೆ ‘ಹೋಗುತ್ತೇನೆ’ ಎಂಬುದು ಅರ್ಧ ಹೊಸ ಪದ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಿಂದ ಕನ್ನಡದ ಮಕ್ಕಳಿಗೆ ಸಿಕ್ಕ ಸಂಪತ್ತು ಸಣ್ಣದಲ್ಲ. ಆದರೆ ಅವರ ಹಾಡುಗಳು ಬಾಯಿಂದ ಕಿವಿಗೆ ಬಂದವು. ಹಾಡಿಕೊಡಲು ದೊಡ್ಡವರೊಬ್ಬರು ಇರುತ್ತಿದ್ದರು. ಮಗು ಒಂಟಿಯಾಗಿ ಕೂತು ಓದಿ ಮುಗಿಸುವ ಪುಸ್ತಕದ ಹದವೇ ಬೇರೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಈ ಹದವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಮೊದಲ ಹಂತದ ಕಥೆಗಳಿಗೆ 250 ಪದಗಳ ಮಿತಿ. 2015ರಲ್ಲಿ ಅದು ತೆರೆದ ಸ್ಟೋರಿವೀವರ್ ಜಾಲತಾಣದಿಂದ ಕನ್ನಡದ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು, ಮುದ್ರಿಸಿ, ಹೊಲಿದು ಪುಸ್ತಕ ಮಾಡಿಕೊಳ್ಳಬಹುದು. ಅನುದಾನ ಬರುವವರೆಗೆ ಕಾಯಬೇಕಿಲ್ಲ.

ಆರಿಸಿದ್ದಾಯಿತು, ಇಡುವುದೆಲ್ಲಿ? ಬೀರುವಿನಲ್ಲಿ ಬೆನ್ನು ತೋರಿಸಿ ನಿಂತ ತೆಳು ಪುಸ್ತಕ ಮಗುವಿಗೆ ಕಾಣುವುದೇ ಇಲ್ಲ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ಮಗುವಿನ ಎದೆಯೆತ್ತರಕ್ಕೆ ಮುಖಪುಟ ಕಾಣುವಂತೆ ತೂಗುಹಾಕಿದರೆ ಅದು ತಾನಾಗಿ ಕೈಹಾಕುತ್ತದೆ. ಪುಸ್ತಕ ಭಾರವಾಯಿತೇ ಎಂದು ತಿಳಿಯಲು ಬೆರಳೆಣಿಕೆಯ ಉಪಾಯವಿದೆ: ಒಂದು ಪುಟದಲ್ಲಿ ಓದಲಾಗದ ಪದ ಸಿಕ್ಕಾಗೆಲ್ಲ ಒಂದು ಬೆರಳು ಮಡಿಸುವುದು. ಐದೂ ಬೆರಳು ಮಡಿಸಿದರೆ ಆ ಪುಸ್ತಕ ಮುಂದಿನ ವರ್ಷಕ್ಕೆ.

ಇಂಥದೊಂದು ಗ್ರಂಥಾಲಯದ ಚಾಪೆಯ ಮೇಲೆ ಕೂತು ಒಮ್ಮೆ ನೋಡಿದ್ದೇನೆ. ಹುಡುಗಿಯೊಬ್ಬಳು ಪುಟದ ಮೇಲೆ ಬೆರಳಿಟ್ಟು ‘ಗ, ರ, ಗ, ಸ’ ಎಂದಳು. ಮತ್ತೆ ‘ಗರ... ಗಸ’. ಬೆರಳು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಮೇಲ್ವಿಚಾರಕಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಹುಡುಗಿ ಚಿತ್ರ ನೋಡಿದಳು, ಅಕ್ಷರ ನೋಡಿದಳು, ತಟ್ಟನೆ ಮುಖ ಎತ್ತಿದಳು. ‘ಗರಗಸ! ಅಕ್ಕಾ, ನಮ್ಮಪ್ಪನ ಅತ್ರ ಐತೆ!’ ನಾಲ್ಕು ಸದ್ದುಗಳು ಅಪ್ಪನ ಕೈಯ ಹತಾರವಾದ ಗಳಿಗೆ ಅದು. ಮಕ್ಕಳ ಗ್ರಂಥಪಾಲಕರು ಈ ತೆಳು ಪುಸ್ತಕಗಳನ್ನು ಇಷ್ಟೊಂದು ಪ್ರೀತಿಸುವುದು ಏಕೆಂದು ನನಗೆ ತಿಳಿದದ್ದು ಆಗಲೇ. ಬೇರೆ ಯಾವ ಪುಸ್ತಕದ ಕೆಲಸವೂ ಹೀಗೆ ಕಣ್ಣೆದುರೇ ನಡೆಯುವುದಿಲ್ಲ.

ಆ ಹುಡುಗಿ ಅದೇ ಪುಸ್ತಕವನ್ನು ಇನ್ನೆರಡು ಸಲ ಓದಿ, ವಹಿಯಲ್ಲಿ ಬರೆಸಿ, ಮನೆಗೆ ಒಯ್ದಳು. ಇಂಥ ಇಪ್ಪತ್ತು, ಮೂವತ್ತು ಪುಸ್ತಕಗಳು ಹೀಗೆ ಮನೆಗೆ ಹೋಗಿ ಬಂದರೆ ಕಾಗುಣಿತ ಪಳಗುತ್ತದೆ, ಒತ್ತುಗಳು ಹೆದರಿಸುವುದನ್ನು ಬಿಡುತ್ತವೆ. ಆಮೇಲೆ ಒಂದು ಸಂಜೆ ಕುಣಿಗಲ್ ಬಸ್ ನಿಲ್ದಾಣದಲ್ಲಿ, ಎರಡು ಕೈಯಲ್ಲೂ ಚೀಲ ಹಿಡಿದ ಅಮ್ಮನಿಗಿಂತ ಮೊದಲೇ ಮಗು ಬೋರ್ಡ್ ಓದುತ್ತದೆ: ‘ಹುತ್ರಿದುರ್ಗ! ಬಾಮ್ಮ, ಇದೇ ನಮ್ಮೂರ ಬಸ್ಸು.’