ಗರ್ಭಿಣಿಯರ ವ್ಯಾಯಾಮವೂ ಹೊಲಗೆಲಸವೂ

ಗರ್ಭಿಣಿಯು ಮನೆಯೊಳಗೆ ಕುಳಿತೇ ಇರಬೇಕೆಂದು ಕೆಲವರೂ, ಹೆರಿಗೆಯ ದಿನದವರೆಗೆ ಎಂದಿನಂತೆ ದುಡಿದರೆ ಹೆರಿಗೆಯು ಸುಲಭವಾಗುವುದೆಂದು ಕೆಲವರೂ ಹೇಳುವುದುಂಟು. ಇವೆರಡೂ ಸರಿಯಲ್ಲ. ಮಿತವಾದ ವ್ಯಾಯಾಮವು ಬೇರೆ, ದೇಹವನ್ನು ಬಳಲಿಸುವ ದುಡಿಮೆಯು ಬೇರೆ. ಈ ಭೇದವನ್ನು ಕೂಲಿಗೆ ಜನರನ್ನು ಕರೆಯುವ ಜಮೀನುದಾರರೂ ಗ್ರಾಮದ ಮುಖಂಡರೂ ಅವಶ್ಯವಾಗಿ ತಿಳಿದಿರತಕ್ಕದ್ದು.

ಆರೋಗ್ಯವಂತೆಯಾದ ಗರ್ಭಿಣಿಗೆ ವಾರಕ್ಕೆ 150 ನಿಮಿಷಗಳಿಗೆ ಕಡಮೆಯಿಲ್ಲದ ಸಾಧಾರಣ ವ್ಯಾಯಾಮವು ಹಿತಕರವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ ಇಷ್ಟಾಗುವುದು. ಇದರಿಂದ ಗರ್ಭಕಾಲದ ಸಕ್ಕರೆ ರೋಗದ ಮತ್ತು ರಕ್ತದೊತ್ತಡದ ಭಯವು ತಗ್ಗುವುದು. ನಡೆಯುತ್ತ ಸರಾಗವಾಗಿ ಮಾತನಾಡುವಂತಿರಬೇಕು; ಏದುಸಿರು ಬಂದರೆ ನಿಧಾನಿಸಬೇಕು.

ಆದರೆ ದಿನವೆಲ್ಲ ಕಳೆ ಕೀಳುವವಳಿಗೆ ಬೇಕಾದುದು ಹೆಚ್ಚಿನ ವ್ಯಾಯಾಮವಲ್ಲ, ವಿಶ್ರಾಂತಿ. ಗರ್ಭಕಾಲದಲ್ಲಿ ದೇಹದ ರಕ್ತವು ಸುಮಾರು ಅರ್ಧದಷ್ಟು ಹೆಚ್ಚಿ, ಹೃದಯದ ಕೆಲಸವೂ ಹೆಚ್ಚುವುದು. ಕೀಲುಗಳ ಕಟ್ಟು ಸಡಿಲವಾಗುವುದು. ಹೊಟ್ಟೆಯ ಭಾರವು ಮುಂದಕ್ಕೆ ಬಂದು ಬೆನ್ನು ನೋಯುವುದು; ಕೆಸರುಗದ್ದೆಯಲ್ಲಿ ಜಾರಿ ಬೀಳುವ ಸಂಭವವೂ ಅಧಿಕ. ಇದಲ್ಲದೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಅಂಥವರು ಬೇಗನೆ ಬಳಲುವರು.

ಆದುದರಿಂದ ಕೆಳಗಿನ ನಿಯಮಗಳನ್ನು ಪಾಲಿಸುವುದು ಯುಕ್ತವು.

1. ಹುಲ್ಲಿನ ಹೊರೆ, ಗೊಬ್ಬರದ ಮಂಕರಿ ಮುಂತಾದ ಭಾರಗಳನ್ನು ಹೊರಿಸಬಾರದು.
2. ಬಹುಹೊತ್ತು ಬಗ್ಗಿ ಮಾಡುವ ನಾಟಿಯ ಕೆಲಸವನ್ನೂ ನಡು ಮಧ್ಯಾಹ್ನದ ಬಿಸಿಲಿನ ಕೆಲಸವನ್ನೂ ಬಿಡಿಸಬೇಕು.
3. ಕೀಟನಾಶಕವನ್ನು ಕಲಸುವ, ಸಿಂಪಡಿಸುವ ಕಡೆಗೆ ಕಳುಹಿಸಲೇಬಾರದು.
4. ಕುಡಿಯುವ ನೀರು, ನೆರಳು, ಆಗಾಗ್ಗೆ ಕುಳಿತುಕೊಳ್ಳಲು ಬಿಡುವು ಇರಬೇಕು.
5. ಔಷಧಿ ಬೆರೆಸದ ಕಾಳನ್ನು ನೆರಳಿನಲ್ಲಿ ಕುಳಿತು ಆರಿಸುವಂಥ ಹಗುರ ಕೆಲಸವನ್ನು ಕೊಡಬೇಕು.

ಹಗುರ ಕೆಲಸಕ್ಕೆ ಕೂಲಿಯನ್ನು ಕಡಿತಗೊಳಿಸಬಾರದು. ಕೂಲಿಯು ತಪ್ಪೀತೆಂಬ ಭಯದಿಂದಲೇ ಅನೇಕರು ಬಳಲಿಕೆಯನ್ನು ಮರೆಮಾಚಿ ದುಡಿಯುವರು.

ರಕ್ತಸ್ರಾವ, ನೀರು ಹೋಗುವಿಕೆ, ತಲೆಸುತ್ತು, ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಎದೆನೋವು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ಕೆಲಸವನ್ನು ಒಡನೆ ನಿಲ್ಲಿಸಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಮೊದಲೇ ಕಾಯಿಲೆಯುಳ್ಳವರು ವ್ಯಾಯಾಮದ ವಿಷಯದಲ್ಲಿ ವೈದ್ಯರ ಸಲಹೆಯಂತೆ ನಡೆಯಬೇಕು.

ಗಬ್ಬದ ಹಸುವನ್ನು ನೊಗಕ್ಕೆ ಹೂಡಬಾರದೆಂಬುದನ್ನು ರೈತರು ಬಲ್ಲರು. ತಮ್ಮ ಹೊಲದಲ್ಲಿ ದುಡಿಯುವ ತಾಯಂದಿರ ವಿಷಯದಲ್ಲಿ ಅದಕ್ಕಿಂತ ಕಡಮೆಯ ಎಚ್ಚರಿಕೆಯು ಯಾರಿಗೂ ಶೋಭಿಸದು.