ಏಳುವುದು ಮತ್ತು ಏಳ್ಗೆ



ಕನ್ನಡದಲ್ಲಿ ‘ಏಳು’ ಎಂಬ ಕ್ರಿಯೆಗೂ ‘ಏಳ್ಗೆ’ ಎಂಬ ನಾಮಕ್ಕೂ ಬೇರು ಒಂದೇ. ‘ಬೆಳಗಿನ ಜಾವ’ ಎಂಬ ಮಾತೂ ಅಷ್ಟೇ ಅರ್ಥವತ್ತಾದುದು. ಸಂಸ್ಕೃತದ ‘ಯಾಮ’ವೇ ನಮ್ಮಲ್ಲಿ ‘ಜಾವ’ವಾಯಿತು. ಇರುಳನ್ನು ನಾಲ್ಕು ಜಾವಗಳಾಗಿ ವಿಂಗಡಿಸಿದ ಹಿರಿಯರು ಕಡೆಯದಕ್ಕೆ ಬೆಳಗಿನ ಹೆಸರನ್ನಿಟ್ಟರು. ಸೂರ್ಯ ಮೂಡುವ ಮುನ್ನವೇ ಬೆಳಗು ತೊಡಗುತ್ತದೆಂಬ ತಿಳಿವು ಆ ಹೆಸರಿನಲ್ಲಿಯೇ ಇದೆ.

ವಾಗ್ಭಟನ ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯ ಆರಂಭವಾಗುವುದೇ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿಯಿಂದ. ಒಂದು ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಎಂದರೆ 96 ನಿಮಿಷ ಮೊದಲು ಈ ಕಾಲ ತೊಡಗುತ್ತದೆ. ನಾನಿರುವ ಅತ್ತಿಬೆಲೆಯಲ್ಲಿ ಜೂನ್ ಮೊದಲಲ್ಲಿ ಸೂರ್ಯ ಆರು ಗಂಟೆಗೆ ಕೊಂಚ ಮುನ್ನ ಮೂಡುತ್ತಾನೆ. ಜನವರಿಯ ಕೊನೆಗೆ ಸುಮಾರು ಆರೂಮುಕ್ಕಾಲಕ್ಕೆ. ಆದಕಾರಣ ಈ ಮುಹೂರ್ತವೂ ಸುಮಾರು 4.20ರಿಂದ 5.10ರವರೆಗೆ ಋತುವಿನೊಡನೆ ಸರಿದಾಡುತ್ತದೆ. ಇನ್ನೂ ಗಮನಿಸಬೇಕಾದ ಅಂಶವೊಂದಿದೆ. ವಾಗ್ಭಟ ಈ ವಿಧಿಯನ್ನು ಹೇಳಿರುವುದು ‘ಸ್ವಸ್ಥ’ನಾದವನಿಗೆ. ಉಪದೇಶ ಮಾಡುವ ಉತ್ಸಾಹದಲ್ಲಿ ನಾವು ಮರೆಯುವುದು ಈ ಒಂದು ಪದವನ್ನೇ.

ಬೇಗ ಏಳುವುದರಿಂದ ಆಗುವ ಪ್ರಯೋಜನವಾದರೂ ಏನು? 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ಒಂದು ನಾಚಿಕೆಮುಳ್ಳಿನ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ಇರುಳಿಗೆ ಮುಚ್ಚಿತು. ಜೀವಿಯ ಒಳಗೇ ಒಂದು ಗಡಿಯಾರವಿದೆಯೆಂಬ ಸುಳಿವು ಅದು. ಈ ಗಡಿಯಾರ ಜೀವಕೋಶದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯನಲ್ಲಿ ಈ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಕಣ್ಣಿನ ಮೂಲಕ ಮಿದುಳನ್ನು ಮುಟ್ಟುವ ಬೆಳಕು. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಳ್ಳುತ್ತದೆ. ಇರುಳಿನ ದೀಪ, ಮೊಬೈಲಿನ ಬೆಳಕು ಹಿಂದಕ್ಕೆಳೆಯುತ್ತವೆ. ಬೆಳಿಗ್ಗೆ ಎದ್ದು ಬಯಲಿನಲ್ಲಿ ನಾಲ್ಕು ಹೆಜ್ಜೆ ಹಾಕಿದವನಿಗೆ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ರೆ ಬರುತ್ತದೆ. ಬೇಗ ಏಳುವುದರ ಮೊದಲ ಫಲ ಕಾಣುವುದು ಆ ದಿನದ ಇರುಳಿನಲ್ಲಿ.

ಎರಡನೆಯ ಫಲವನ್ನು ಆನೇಕಲ್ ಸೀಮೆಯ ರೈತ ಬಲ್ಲ. ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನು ಬಿಸಿಲೇರುವ ಮುನ್ನವೇ ಕೊಯ್ಯುತ್ತಾರೆ. ಆಗ ಎಲೆಯಲ್ಲಿ ನೀರಿನಂಶ ಹೆಚ್ಚು, ಬೇಗ ಬಾಡದು. ಮಲ್ಲಿಗೆಯನ್ನು ಮೊಗ್ಗು ಬಿರಿಯುವ ಮುನ್ನವೇ ಬಿಡಿಸುತ್ತಾರೆ. ಮನಸ್ಸಿನ ಮಾತೂ ಬೇರೆಯಲ್ಲ. ನಿದ್ರೆಯಿಂದ ತಣಿದ ಮನಸ್ಸು ದಿನದ ಬೇಗೆ ತಗಲುವ ಮುನ್ನ ಓದಿದ್ದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬಾಗಿಲು ತಟ್ಟುವವರಿಲ್ಲದ ಆ ಒಂದು ಗಂಟೆ ನನ್ನ ನಲವತ್ತು ವರ್ಷಗಳ ಓದಿಗೆ ಆಸರೆಯಾಗಿತ್ತು.

ಆದರೆ ನಮ್ಮ ನಾಡಿನಲ್ಲಿ ಎಲ್ಲರಿಗಿಂತ ಮೊದಲು ಎದ್ದವರು ಓದುವ ಗಂಡಸರಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲಿನ ಮುಂದೆ ಕುಳಿತ ಹೆಂಗಸರು. ಬೀಸುವ ಪದಗಳು ಹುಟ್ಟಿದ್ದು ಅಲ್ಲಿ. ಆ ತ್ರಿಪದಿಗಳನ್ನು ನಾವು ಎಷ್ಟು ಮೆಚ್ಚಿದರೂ, ಅವರು ಎದ್ದದ್ದು ಹಾಡಿಗಾಗಿ ಅಲ್ಲ, ಮನೆಯವರ ಮುದ್ದೆಗೆ ಹಿಟ್ಟಾಗಬೇಕಿತ್ತು ಎಂಬುದನ್ನು ನೆನೆಯಬೇಕು. ಅವರಿಗಿಂತ ತಡವಾಗಿ ಮಲಗಿದವರೂ ಆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಈ ವಿವೇಕ ನನಗೆ ತಡವಾಗಿ ಬಂದಿತು. ಅಧ್ಯಾಪಕನಾಗಿದ್ದಾಗ ಒಂದು ದಿನ ಬೆಳಗಿನ ಮೊದಲ ತರಗತಿಯಲ್ಲಿ ಹಳಗನ್ನಡ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದ. ಅವನನ್ನು ಎಬ್ಬಿಸಿ ನಿಲ್ಲಿಸಿ, ಬೇಗ ಏಳುವ ಅಭ್ಯಾಸದ ಮಹಿಮೆಯನ್ನು ಎಲ್ಲರೆದುರು ಬಣ್ಣಿಸಿದೆ. ತರಗತಿ ಮುಗಿದ ಮೇಲೆ ಅವನು ಹತ್ತಿರ ಬಂದು, “ಸಾರ್, ನಾನು ಇನ್ನೂ ಮಲಗಿಯೇ ಇಲ್ಲ. ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿಕೊಂಡು ಹಾಗೇ ಬಂದೆ” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಗಳ ಕೈಗಾರಿಕಾ ಪ್ರದೇಶಗಳಲ್ಲಿ, ಗಡಿಯಾಚೆಯ ಹೊಸೂರಿನಲ್ಲಿ, ಬೆಳಗಿನ ಜಾವವೆಂದರೆ ಹಲವರಿಗೆ ದಿನ ಮುಗಿಯುವ ಹೊತ್ತು. ಒಳಗಿನ ಗಡಿಯಾರ ಏಳೆನ್ನುವಾಗ ಅವರು ಮಲಗಬೇಕು. ಹಗಲಿನ ಆ ನಿದ್ರೆ ಕಿರಿದು, ಮೇಲಾಗಿ ಮತ್ತೆಮತ್ತೆ ಮುರಿಯುವಂಥದು. ವಯಸ್ಕನಿಗೆ ಏಳು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಅದನ್ನು ಕತ್ತರಿಸಿ ಗಳಿಸಿದ ಬೆಳಗು ಸಾಲದ ಹಣದಂತೆ. ಬಡ್ಡಿ ಸಹಿತ ತೀರಿಸಬೇಕಾಗುತ್ತದೆ. ಬೇಗ ಏಳಬೇಕೆನ್ನುವವನು ಮೊದಲು ಕಲಿಯಬೇಕಾದ್ದು ಬೇಗ ಮಲಗುವುದನ್ನು. ಬೇಗ ಮಲಗುವ ಭಾಗ್ಯವಿಲ್ಲದವನಿಗೆ ಉಪದೇಶ ಬೇಡ, ಕತ್ತಲ ಕೋಣೆ ಬೇಕು, ಸುತ್ತಲಿನವರ ಮೌನ ಬೇಕು.

ಇಂದಿಗೂ ನಾನು ಐದಕ್ಕೆ ಮುನ್ನ ಏಳುತ್ತೇನೆ. ಹೆದ್ದಾರಿಯ ಕಡೆಯಿಂದ ಕಾರ್ಖಾನೆಯ ಬಸ್ಸುಗಳ ಸದ್ದು ಕೇಳಿಬರುತ್ತದೆ. ಓದು ಮುಗಿಸಿ ರೇಡಿಯೊ ಹಚ್ಚುವಾಗ ಧ್ವನಿಯನ್ನು ತಗ್ಗಿಸುತ್ತೇನೆ. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಆಗತಾನೆ ಮಲಗಿರುತ್ತಾರೆ.